ಇಲ್ಲಿ ಕೆಂಪು ಬಲಗಡೆ

ಅನಾಪೊಲಿಸ್, ಮೇರಿಲ್ಯಾಂಡ್
ಜೂನ್ 14, 2025

ತಮ್ಮಾ,

ಮಗಳ ಮನೆಗೆ ಬಂದು ಮೂರು ವಾರವಾಯಿತು. ಊಟ, ಹವೆ, ಮೊಮ್ಮಕ್ಕಳ ಸುದ್ದಿಯೆಲ್ಲ ಫೋನಿನಲ್ಲಿ ಹೇಳಿಯಾಗಿದೆ. ನಿನ್ನೆ ಕಂಡದ್ದನ್ನು ಮಾತ್ರ ಬರೆದೇ ತಿಳಿಸಬೇಕು ಅನ್ನಿಸಿತು. ನೀನು ದೋಣಿಯವನು, ನಿಧಾನವಾಗಿ ಓದು.

ಪಕ್ಕದ ಮನೆಯಲ್ಲಿ ನಿವೃತ್ತ ಮೇಷ್ಟರೊಬ್ಬರಿದ್ದಾರೆ. ಎಪ್ಪತ್ತು ದಾಟಿದೆ. ಇಲ್ಲಿನ ಕೋಸ್ಟ್ ಗಾರ್ಡಿಗೆ ಬೆನ್ನಾಗಿ ನಿಲ್ಲುವ ‘ಆಕ್ಸಿಲರಿ’ ಎಂಬ ಸ್ವಯಂಸೇವಕರ ಪಡೆಯವರು. 1939ರಲ್ಲಿ ಹುಟ್ಟಿದ ಪಡೆ. ಈ ದೇಶದ ದೀಪಸ್ತಂಭಗಳು ಕೋಸ್ಟ್ ಗಾರ್ಡಿನ ಕೈಗೆ ಬಂದದ್ದೂ ಅದೇ ವರ್ಷ. ಸಂಬಳವಿಲ್ಲ, ಯಾರನ್ನೂ ಹಿಡಿಯುವ ಅಧಿಕಾರವಿಲ್ಲ. ನೀರಿನ ಮೇಲಿನ ಗುರುತುಗಳು ಇರಬೇಕಾದಲ್ಲಿ ಇವೆಯೇ, ಸೇತುವೆಯ ದೀಪಗಳು ಉರಿಯುತ್ತಿವೆಯೇ ಎಂದು ನೋಡಿ ವರದಿ ಕಳಿಸುವುದು ಇವರ ಕೆಲಸಗಳಲ್ಲೊಂದು. ನಿನ್ನೆ ಸ್ವಂತ ದೋಣಿಯಲ್ಲಿ ಹೊರಟವರು ಮಗಳನ್ನೂ ನನ್ನನ್ನೂ ಕರೆದರು.

ಸೆವರ್ನ್ ಹೊಳೆ ಇಲ್ಲಿ ಚೆಸಪೀಕ್ ಕೊಲ್ಲಿಗೆ ಸೇರುತ್ತದೆ. ನಮ್ಮ ಗಂಗೊಳ್ಳಿ ಅಳಿವೆಯ ಅಬ್ಬರವಿಲ್ಲ. ಉಬ್ಬರ ಇಳಿತದ ವ್ಯತ್ಯಾಸ ಒಂದಡಿಯ ಆಸುಪಾಸು ಅಷ್ಟೆ. ನನ್ನನ್ನು ಮೊದಲು ಗಲಿಬಿಲಿಗೊಳಿಸಿದ್ದು ಬಣ್ಣ. ಮಂಗಳೂರು ಬಂದರಿಗೆ ಒಳಹೊಗುವಾಗ ಕೆಂಪು ಬೋಯ, ಆ ತೇಲುವ ಗುರುತು, ಎಡಕ್ಕೆ ಇರುತ್ತದಲ್ಲ, ಇಲ್ಲಿ ಅದು ಬಲಕ್ಕೆ. ಅಮೆರಿಕ ಖಂಡಗಳ ಪದ್ಧತಿಯೇ ಹಾಗೆ. ಮೇಲೆ ಬರೆದ ಅಂಕಿ ಕೆಂಪಿಗೆ ಸರಿಸಂಖ್ಯೆ, ಹಸಿರಿಗೆ ಬೆಸ. ನಮ್ಮೂರಿನ ತಾಂಡೇಲನೊಬ್ಬ ರೂಢಿಯ ಮೇಲೆ ಇಲ್ಲಿ ದೋಣಿ ನಡೆಸಿದರೆ ನೇರ ದಿಬ್ಬಕ್ಕೇ ಹತ್ತಿಸಿಬಿಟ್ಟಾನು.

ಒಂದು ಖಾಸಗಿ ದೋಣಿತಾಣದವರು ಅನುಮತಿ ಪಡೆದು ನಿಲ್ಲಿಸಿದ ಕಂಬದ ಹತ್ತಿರ ಮೇಷ್ಟ್ರು ಎಂಜಿನ್ ತಗ್ಗಿಸಿದರು. ಜಿಪಿಎಸ್ ಹಿಡಿದು ಸ್ಥಾನ ಬರೆದುಕೊಂಡರು, ನಕ್ಷೆಯೊಂದಿಗೆ ತಾಳೆ ನೋಡಿದರು, ಬುಡದಲ್ಲಿ ಆಳ ಅಳೆದರು. ನಾಲ್ಕು ಸೆಕೆಂಡಿಗೊಮ್ಮೆ ಮಿನುಗಬೇಕಾದ ದೀಪ ಐದಕ್ಕೆ ಮಿನುಗಿದರೂ ತಪ್ಪೇ, ಕತ್ತಲಲ್ಲಿ ಬರುವವನು ಅದನ್ನು ಬೇರೆ ದೀಪವೆಂದು ತಿಳಿಯುತ್ತಾನೆ ಎಂದರು. ಅದಕ್ಕೇ ಅವರು ಸ್ಟಾಪ್‌ವಾಚ್ ಹಿಡಿದು ಮತ್ತೆ ಸಂಜೆ ಬರುತ್ತಾರೆ. ಆ ಕಂಬದ ತಲೆಯ ಮೇಲೆ ಮೀನು ಹಿಡಿಯುವ ಗಿಡುಗವೊಂದು ಕಡ್ಡಿ ಪೇರಿಸಿ ಗೂಡು ಕಟ್ಟಿತ್ತು. ಆಸ್ಪ್ರೆ ಅನ್ನುತ್ತಾರೆ, ಚಳಿಗಾಲದಲ್ಲಿ ನಮ್ಮ ಹಿನ್ನೀರಿಗೂ ಬರುತ್ತದೆ, ನೀನು ನೋಡಿದ್ದೀಯ. ಗೂಡು ದೀಪವನ್ನು ಅರ್ಧ ಮುಚ್ಚಿತ್ತು. ಮರಿಯಿರುವ ಗೂಡನ್ನು ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. ಮೇಷ್ಟ್ರು ಅದನ್ನೂ ಬರೆದುಕೊಂಡರು, ಫೋಟೊ ತೆಗೆದರು. ತಾಯಿ ಹಕ್ಕಿ ನಮ್ಮ ತಲೆಯ ಮೇಲೆ ಕಿರುಚುತ್ತಾ ಸುತ್ತಿತು.

ಆಮೇಲೆ ಒಂದು ತೊರೆಯ ಸೇತುವೆ. ಹಡಗು ಹಾಯುವ ಅಂಕಣದ ನಡುವಿಗೆ ಹಸಿರು ದೀಪ, ಅಂಚಿನ ಕಂಬಗಳಿಗೆ ಕೆಂಪು. ಕಂಬದ ಮೇಲೆ ಅಡಿಯ ಅಂಕಿ ಬರೆದಿರುತ್ತಾರೆ. ನೀರು ಯಾವ ಅಂಕಿಯನ್ನು ಮುಟ್ಟುತ್ತದೋ ಸೇತುವೆಯ ಕೆಳಗೆ ಅಷ್ಟು ಅಡಿ ಎತ್ತರವಿದೆ ಎಂದರ್ಥ. ನೀರು ಏರಿದರೆ ಅಂಕಿ ಇಳಿಯುತ್ತದೆ. ಎಷ್ಟು ಸರಳ ನೋಡು! ಈ ಸೇತುವೆಯಲ್ಲಿ ಎರಡು ಅಂಕಿ ಮಾಸಿದ್ದವು, ದೋಣಿ ತಾಗದಂತೆ ಕಟ್ಟಿದ ಮರದ ತಡೆಯ ಒಂದು ಹಲಗೆ ಮುರಿದು ಮೊಳೆ ಹೊರಗಿತ್ತು. ಎಲ್ಲವೂ ಪುಸ್ತಕಕ್ಕೆ ಹೋಯಿತು.

ಸೇತುವೆ ಎಂದಾಗ ನೆನಪಾಗುತ್ತದೆ: ಇಲ್ಲಿಂದ ಉತ್ತರಕ್ಕೆ, ಬಾಲ್ಟಿಮೋರಿನಲ್ಲಿ, 2024ರ ಮಾರ್ಚ್ 26ರಂದು ನಡುರಾತ್ರಿ ಕಳೆದ ಮೇಲೆ ‘ಡಾಲಿ’ ಹಡಗು ವಿದ್ಯುತ್ ಕಳೆದುಕೊಂಡು ಕೀ ಸೇತುವೆಯ ಕಂಬಕ್ಕೆ ಬಡಿಯಿತು, ಸೇತುವೆ ಕುಸಿಯಿತು. ನಾವಿಕರು ಹೆಚ್ಚಿನವರು ಭಾರತದವರು. ಹಡಗಿನಿಂದ ಬಂದ ಅಪಾಯದ ಕರೆ ಕೇಳಿ ಪೊಲೀಸರು ವಾಹನಗಳನ್ನು ತಡೆದರು. ಮೇಲೆ ರಸ್ತೆಯ ಗುಂಡಿ ಮುಚ್ಚುತ್ತಿದ್ದ ಆರು ಕೂಲಿಗಳು ಮಾತ್ರ ಉಳಿಯಲಿಲ್ಲ. ಅಂಥದ್ದನ್ನು ಮೇಷ್ಟ್ರ ಪೆನ್ಸಿಲು ತಡೆಯಲಾರದು, ತಡೆಯುತ್ತದೆಂದು ಅವರೂ ಹೇಳಲಿಲ್ಲ. ನನಗೆ ಅದೇ ವರ್ಷ ಆಗಸ್ಟಿನಲ್ಲಿ ಕಾರವಾರದ ಕಾಳಿ ಸೇತುವೆ ಬಿದ್ದ ರಾತ್ರಿ ನೆನಪಾಯಿತು. ಹೊಳೆಗೆ ಬಿದ್ದ ಲಾರಿಯ ಚಾಲಕನನ್ನು ಉಳಿಸಲು ಹೋದವರಲ್ಲಿ ಮೀನುಗಾರರೂ ಇದ್ದರು. ಸೇತುವೆಯ ಕಂಬವನ್ನು ದಿನಾ ಹತ್ತಿರದಿಂದ ನೋಡುವವರು ಅದರ ಕೆಳಗೆ ದೋಣಿ ನಡೆಸುವವರೇ. ಅವರು ಕಂಡದ್ದನ್ನು ಹೇಳಲು ನಮ್ಮಲ್ಲಿ ಒಂದು ಪುಸ್ತಕ ಬೇಕು, ಕೇಳಲು ಒಂದು ಕಿವಿ ಬೇಕು. ಇದು ನನ್ನ ಸಂಕಟ.

ಅಪ್ಪಯ್ಯ ಅಳಿವೆ ದಾಟುವಾಗ ಎರಡು ಗುರುತುಗಳನ್ನು ಒಂದರ ಹಿಂದೆ ಒಂದು ತಂದು ಸಾಲು ಹಿಡಿಯುತ್ತಿದ್ದರಲ್ಲ? ಯಾವ ಕಾಗದದಲ್ಲೂ ಅದು ಇಲ್ಲ. ಈಚೆಯದು ದಡದ ಎರಡು ತಲೆಯ ತೆಂಗು, ಅದು ಬಿದ್ದು ವರ್ಷಗಳಾದವು. ಅದರ ಹಿಂದೆ ಹಿಡಿಯುತ್ತಿದ್ದದ್ದು ಯಾವುದು? ನಿನ್ನೆಯಿಂದ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಗುಡ್ಡದ ಬೋಳು ಬಂಡೆಯೋ, ಗೋಪುರದ ಕಳಶವೋ? ನೀನು ಅವರ ಜೊತೆ ಹೆಚ್ಚು ಹೋದವನು. ಮರೆಯದೆ ಬರೆದು ಕಳಿಸು.

ನಿನ್ನ ಅಕ್ಕ