ಒಂದೂವರೆ ಸುತ್ತು

ಓಡುವ ಯಂತ್ರವನ್ನು ಹೊಗಳುವವರು ಬಹಳ ಮಂದಿ. ನಿಂತ ಯಂತ್ರದ ಯೋಗ್ಯತೆಯನ್ನು ಬಲ್ಲವರು ಕಡಮೆ. ನಾನೂ ಮೊದಲನೆಯ ಗುಂಪಿಗೆ ಸೇರಿದವನೇ. ಕಳೆದ ಮಾರ್ಗಶಿರದಲ್ಲಿ, ಮಾಗಡಿ ರಸ್ತೆಯ ಟೋಲ್‌ಗೇಟಿನ ಕೆಂಪು ದೀಪದೆದುರು ನನ್ನ ಗರ್ವ ಇಳಿಯಿತು.

ನನ್ನದು ಹಳೆಯ ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಅಲ್ಲಿ ಹುಟ್ಟಿದ ಗಾಡಿಗಳು ಮಾತ್ರ ಇನ್ನೂ ಋಣ ತೀರದೆ ಓಡುತ್ತಿವೆ. ನಾನು ಪಿಂಚಣಿದಾರನಾದ ಮೇಲೆ ಹೊತ್ತು ಹೋಗದೆ ಅದರ ಕಾರ್ಬೊರೇಟರಿನ ಸ್ಕ್ರೂಗಳನ್ನು ತಿರುಗಿಸುವ ಚಟ ಹಚ್ಚಿಕೊಂಡೆ. ಗಾಡಿ ನಿಂತಿದ್ದಾಗಲೂ ಯಂತ್ರ ಆರದೆ ಮೆಲ್ಲಗೆ ಆಡುತ್ತಿರುವುದಕ್ಕೆ ಐಡ್ಲಿಂಗ್ ಎನ್ನುತ್ತಾರೆ. ಮೊದಲು ಅದನ್ನು ಏರಿಸಿದೆ. ಗಾಡಿ ಮನೆ ಬಾಗಿಲಲ್ಲಿ ನಿಂತೇ ಊರೆಲ್ಲ ಸುತ್ತಿದಂತೆ ಅರಚಿತು. ಪೆಟ್ರೋಲೂ ಹಾಗೆಯೇ ಕರಗಿತು. ಆಮೇಲೆ ಉಳಿತಾಯದ ಬುದ್ಧಿ ಬಂದು ಇಳಿಸಿದೆ. ಟೋಲ್‌ಗೇಟಿನಲ್ಲಿ ಹಸಿರು ದೀಪ ಬರುವ ಹೊತ್ತಿಗೆ ಯಂತ್ರ ಸದ್ದಿಲ್ಲದೆ ಆರಿಹೋಗಿತ್ತು. ಹಿಂದಿನ ಬಸ್ಸು ಕೂಗಿತು. ನನ್ನ ಮನೆಯಾಕೆ ಕೆಳಗಿಳಿದು, ಸೆರಗು ಸರಿಪಡಿಸಿಕೊಂಡು, ರಾಜಾಜಿನಗರದ ಕಡೆಗೆ ನಡೆದೇಬಿಟ್ಟಳು.

ನಾನು ಮನೆಗೆ ಬರುವಷ್ಟರಲ್ಲಿ ತೀರ್ಪು ಸಿದ್ಧವಾಗಿತ್ತು: "ಅದನ್ನ ಮಾರಿಬಿಡಿ. ನಾನಂತೂ ಇನ್ನು ಹಿಂದೆ ಕೂರೋದಿಲ್ಲ."

35 ವರ್ಷ ಕೂತವಳ ಮಾತು. ಮರುದಿನ ಬೆಳಿಗ್ಗೆಯೇ ನಮ್ಮ ಬಡಾವಣೆಯ ಹಳೆಯ ಮೇಸ್ತ್ರಿಯ ಬಳಿಗೆ ಗಾಡಿ ತಳ್ಳಿದೆ.

ಆತ ಸ್ಕ್ರೂಡ್ರೈವರ್ ಮುಟ್ಟಲಿಲ್ಲ. "ಸ್ವಾಮಿ, ಮೊದಲು ಬಸವೇಶ್ವರನಗರಕ್ಕೆ ಹೋಗಿಬನ್ನಿ. ತಣ್ಣಗಿರೋ ಇಂಜಿನ್ನು ನಿಜ ಹೇಳೋದಿಲ್ಲ" ಎಂದ. ಹೋಗಿಬಂದೆ. ಪ್ಲಗ್ಗು, ಗಾಳಿಯ ಫಿಲ್ಟರು, ಆಕ್ಸಿಲರೇಟರ್ ಕೇಬಲ್ಲಿನ ಸಡಿಲ ಎಲ್ಲವನ್ನೂ ನೋಡಿದ. ಇವು ಕೆಟ್ಟಿದ್ದರೆ ಸ್ಕ್ರೂವನ್ನು ಬೈದು ಫಲವಿಲ್ಲವಂತೆ.

ಇರುವುದು ಎರಡು ಸ್ಕ್ರೂ. ಒಂದು ವೇಗದ್ದು, ಇನ್ನೊಂದು ಗಾಳಿಯದು. ಗಾಳಿಯ ಸ್ಕ್ರೂವನ್ನು ಮೃದುವಾಗಿ ಕೊನೆಯವರೆಗೆ ಕೂರಿಸಿ, ಒಂದೂವರೆ ಸುತ್ತು ಹಿಂದಕ್ಕೆ ಬಿಟ್ಟ. ಬಲವಾಗಿ ಬಿಗಿದರೆ ಅದರ ಗದ್ದುಗೆಯೇ ಕೆಡುತ್ತದೆ. ಯಂತ್ರ ಹೊರಡಿಸಿ, ಕಿವಿಗೊಟ್ಟು, ಆ ಕಡೆ ಕಾಲು ಸುತ್ತು, ಈ ಕಡೆ ಕಾಲು ಸುತ್ತು ತಿರುಗಿಸಿದ. ಸದ್ದು ಎಲ್ಲಿ ಚುರುಕಾಗಿ, ಸಮನಾಗಿ ಬಂತೋ ಅಲ್ಲಿ ಬಿಟ್ಟು, ಆಮೇಲೆ ವೇಗದ ಸ್ಕ್ರೂವನ್ನು ಇಳಿಸಿದ.

"ಹಾಗಾದರೆ ಒಂದೂವರೆಯೇ ಲೆಕ್ಕವೇನಪ್ಪಾ?" ಎಂದೆ.

"ಅದು ಶುರು ಮಾಡೋಕೆ ಸ್ವಾಮಿ. ಆಮೇಲೆ ಗಾಡಿಯ ಇಷ್ಟ, ಊರಿನ ಇಷ್ಟ."

ಮಾತು ಸುಳ್ಳಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿ ತುಸು ತೆಳುವು. ಮಂಗಳೂರಿನಲ್ಲಿ ಹೊಂದಿಸಿದ ಕಾರ್ಬೊರೇಟರು ಇಲ್ಲಿಗೆ ಬಂದರೆ ಗಾಳಿ ಸಾಲದೆ ಪೆಟ್ರೋಲಿನ ಪಾಲು ಹೆಚ್ಚಾಗುತ್ತದೆ. ಇದನ್ನೆಲ್ಲ ಆತ ಅಳೆದದ್ದು ಕಿವಿಯಿಂದ. 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಬಂದಮೇಲೆ ಹೊಸ ಮೋಟಾರು ಸೈಕಲ್ಲುಗಳಿಂದ ಕಾರ್ಬೊರೇಟರು ಹೆಚ್ಚುಕಡಮೆ ಮಾಯವಾಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಅವುಗಳ ಐಡ್ಲಿಂಗನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಹೊಗೆ ಕಡಮೆಯಾಯಿತು, ಒಳ್ಳೆಯದೇ. ಮೇಸ್ತ್ರಿಯ ಕಿವಿಗೆ ಕೆಲಸವೂ ಕಡಮೆಯಾಯಿತು.

ಮನೆಗೆ ಬಂದು ನನ್ನ ಹೊಸ ಪಾಂಡಿತ್ಯವನ್ನು ವಿವರಿಸಿದೆ: ಹೆಚ್ಚಿದರೆ ಸುಮ್ಮನೆ ಅರಚಾಟ, ಕಡಮೆಯಾದರೆ ನಿಂತಲ್ಲೇ ಆರುತ್ತದೆ. ಅವಳು ಅವರೆಕಾಯಿ ಸುಲಿಯುತ್ತಲೇ ಹೇಳಿದಳು: "ನೀವೂ ಅಷ್ಟೇ ಕಣ್ರೀ. ರಿಟೈರಾದ ಹೊಸದರಲ್ಲಿ ಅಡಿಗೆಮನೆಗೆಲ್ಲ ಬಂದು ಕೂಗಾಡ್ತಿದ್ರಿ. ಈಗ ಆರು ತಿಂಗಳಿಂದ ಕರೆದರೂ ಸದ್ದಿಲ್ಲ. ನನಗೆ ಗಾಡಿಗಿಂತ ಅದೇ ಭಯ."

ನಗಲು ಹೋದೆ, ನಗು ಬರಲಿಲ್ಲ. ಅವಳ ಎದುರಿಗೆ ಕೂತು ನಾನೂ ನಾಲ್ಕು ಕಾಯಿ ಸುಲಿದೆ.

ಶನಿವಾರ ವಿಜಯನಗರದ ಮಾರುತಿ ಮಂದಿರಕ್ಕೆ ಹೊರಟಾಗ, ಏನೂ ಹೇಳದೆ ಬಂದು ಹಿಂದೆ ಕೂತಳು. ಟೋಲ್‌ಗೇಟಿನಲ್ಲಿ ಮತ್ತೆ ಕೆಂಪು ದೀಪ. ಯಂತ್ರ ತನ್ನ ಪಾಡಿಗೆ ತಾನು ಮೆಲ್ಲಗೆ ಮಿಡಿಯುತ್ತಿತ್ತು. "ಈ ಸಲ ಅವರೆಯ ಸೊಗಡು ಹೇಗಿದೆ?" ಎಂದು ಕೇಳಿದೆ. ಅವಳು ಹೇಳತೊಡಗಿದಳು, ನಾನೂ ಹೇಳತೊಡಗಿದೆ. ಹಸಿರು ದೀಪ ಬಂದದ್ದು ಇಬ್ಬರಿಗೂ ತಿಳಿಯಲಿಲ್ಲ. ಹಿಂದಿನ ಬಸ್ಸೇ ಕೂಗಿ ತಿಳಿಸಬೇಕಾಯಿತು.