ಐರಿಷ್ ನುಡಿಯಲ್ಲಿ ಜಪಮಾಲೆ

ಐರ್ಲೆಂಡ್ ದೇಶದ ಪಶ್ಚಿಮ ತೀರದಲ್ಲಿರುವ ಗಾಲ್ವೇ ನಗರದಿಂದ ಕಡಲಂಚನ್ನೇ ಹಿಡಿದು ಸುಮಾರು 18 ಕಿಲೋಮೀಟರು ಸಾಗಿದರೆ ಸ್ಪಿಡಲ್ ಎಂಬ ಗ್ರಾಮ ದೊರೆಯುತ್ತದೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು, ಅವುಗಳ ನಡುವೆ ಅಂಗೈಯಗಲದ ಹೊಲಗಳು, ಎದುರಿಗೆ ಬೂದುಬಣ್ಣದ ಕಡಲು. ಆ ದೇಶದ ಮೂಲಭಾಷೆಯಾದ ಐರಿಷ್ ಮನೆಮಾತಾಗಿ ಉಳಿದಿರುವ ಕೆಲವೇ ಪ್ರದೇಶಗಳಲ್ಲಿ ಇದೂ ಒಂದು. ಬೇಸಿಗೆಯ ರಜೆಯಲ್ಲಿ ಇತರ ಊರುಗಳ ಮಕ್ಕಳು ಭಾಷೆ ಕಲಿಯಲೆಂದು ಇಂತಹ ಊರುಗಳಿಗೆ ಬಂದು, ಐರಿಷ್ ಆಡುವ ಮನೆಗಳಲ್ಲಿ ತಂಗುತ್ತಾರೆ.

ಈ ನುಡಿಯಲ್ಲಿ ದೇವರ ಹೆಸರಿಲ್ಲದೆ ಮಾತೇ ಆರಂಭವಾಗದು. ಎದುರಾದವರಿಗೆ ‘ದೇವರು ನಿಮಗಿರಲಿ’ ಎಂದು ವಂದಿಸಿದರೆ, ‘ದೇವರೂ ಮೇರಿಮಾತೆಯೂ ನಿಮಗಿರಲಿ’ ಎಂಬ ಮರುವಂದನೆ ದೊರೆಯುತ್ತದೆ. ಮೇರಿಮಾತೆಗೆ ಇಲ್ಲಿ ‘ಮ್ವಿರ’ ಎಂಬ ಪ್ರತ್ಯೇಕ ಹೆಸರುಂಟು. ಇತರ ಸ್ತ್ರೀಯರು ಅದೇ ಹೆಸರಿನ ಬೇರೊಂದು ರೂಪವನ್ನು ಇಟ್ಟುಕೊಳ್ಳುತ್ತಾರೆಯೇ ಹೊರತು ಇದನ್ನಲ್ಲ. ಭಾಷೆಯೇ ತೋರುವ ಭಕ್ತಿಯಿದು.

ಎರಡನೆಯ ವ್ಯಾಟಿಕನ್ ಮಹಾಸಭೆ (1962-65) ದೇಶಭಾಷೆಗಳಿಗೆ ದಾರಿ ತೆರೆಯುವವರೆಗೆ ಚರ್ಚಿನ ಬಲಿಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು. ಆದರೆ ಈ ತೀರದ ಮನೆಗಳಲ್ಲಿ ಒಲೆಯ ಸುತ್ತ ಮೊಣಕಾಲೂರಿ ಹೇಳುವ ಜಪಮಾಲೆ ಐರಿಷಿನಲ್ಲಿಯೇ ಉಳಿದಿತ್ತು. 1845ರಲ್ಲಿ ತೊಡಗಿದ ಮಹಾಕ್ಷಾಮವೂ ವಲಸೆಯೂ ಈ ನುಡಿಯಾಡುವವರನ್ನು ಬಹುವಾಗಿ ಕುಗ್ಗಿಸಿದವು. 2022ರ ಜನಗಣತಿಯಲ್ಲಿ ಸುಮಾರು 18.7 ಲಕ್ಷ ಜನರು ಐರಿಷ್ ಬಲ್ಲೆವೆಂದರೂ, ಶಾಲೆಯ ಹೊರಗೆ ಅದನ್ನು ದಿನನಿತ್ಯ ಆಡುವವರು ಸುಮಾರು 72 ಸಾವಿರ ಮಾತ್ರ.

ಕಲಿಯುವವರಿಗೆ ಜಪಮಾಲೆಯೇ ಉತ್ತಮ ಗುರು. ಮೇರಿಮಾತೆಯ ಪ್ರಾರ್ಥನೆಯ ಪೂರ್ವಾರ್ಧವನ್ನು ಒಬ್ಬರು ಹೇಳುತ್ತಾರೆ. ಉತ್ತರಾರ್ಧವನ್ನು ಉಳಿದವರೆಲ್ಲರೂ ಕೂಡಿ ಹೇಳುತ್ತಾರೆ. ಹತ್ತರಂತೆ ಐದು ಸುತ್ತು, ಅಂದರೆ ಐವತ್ತು ಬಾರಿ. ಹೊಸಬನು ಮೊದಮೊದಲು ತುಟಿಯಾಡಿಸಿದರೂ ಕೆಲವೇ ದಿನಗಳಲ್ಲಿ ಮಾತು ನಾಲಗೆಗೆ ಬರುತ್ತದೆ. ಅರ್ಥ ನಿಧಾನವಾಗಿ ಹಿಂಬಾಲಿಸುತ್ತದೆ.

ಕನ್ನಡಿಗರಾದ ನಮಗೆ ಇನ್ನೊಂದು ಸೋಜಿಗ ಕಾದಿತ್ತು. ಐರಿಷಿನಲ್ಲಿ ಪ್ರಾರ್ಥನೆಗೆ ‘ಪಾದಿರ್’ ಎನ್ನುತ್ತಾರೆ. ‘ನಮ್ಮ’ ಎಂಬರ್ಥದ ‘ಆರ್’ ಅದರ ಹಿಂದೆ ಬಂದರೆ ‘ಆರ್ ಬಾದಿರ್’ ಆಗುತ್ತದೆ. ಕ, ತ, ಪಗಳಿಗೆ ಗ, ದ, ಬಗಳು ಬರುವ ನಮ್ಮ ಆದೇಶಸಂಧಿಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ನಾವು ತಂಗಿದ್ದ ಮನೆಯ ವೃದ್ಧ ತಾಯಿಯೊಬ್ಬರು ಪ್ರತಿ ಸಂಜೆ ಜಪಮಾಲೆ ಹಿಡಿಯುತ್ತಿದ್ದರು. ಅವರ ಮಕ್ಕಳು ದೂರದ ನಗರಗಳಲ್ಲಿದ್ದಾರೆ. “ಮೊದಲರ್ಧವನ್ನು ನಾನು ಹೇಳಬಲ್ಲೆ; ಉಳಿದರ್ಧಕ್ಕೆ ಯಾರಾದರೂ ಬೇಕಲ್ಲವೇ?” ಎಂದರು. ಆ ಬೇಸಿಗೆಯಲ್ಲಿ ಅವರಿಗೆ ಉತ್ತರ ಕೊಡುತ್ತಿದ್ದವರು ಭಾಷೆ ಕಲಿಯಲು ಬಂದಿದ್ದ ನಾಲ್ವರು ಬಾಲಕಿಯರು. ಉಚ್ಚಾರ ಎಡವಿದಾಗ ಆಕೆ ತಿದ್ದಲಿಲ್ಲ. ಮುಂದಿನ ಸುತ್ತಿನಲ್ಲಿ ತಮ್ಮ ದನಿಯನ್ನು ತುಸು ನಿಧಾನಗೊಳಿಸಿದರು, ಅಷ್ಟೆ.

ಇಂತಹ ಮನೆಗಳ ಪ್ರಾರ್ಥನೆಗಳನ್ನು ಬರೆದಿಟ್ಟು 1906ರಲ್ಲಿ ಗ್ರಂಥರೂಪದಲ್ಲಿ ಹೊರತಂದ ಡಗ್ಲಸ್ ಹೈಡ್ ಅವರು ಕ್ಯಾಥೊಲಿಕರಲ್ಲ, ಪ್ರಾಟೆಸ್ಟಂಟ್ ಪಾದ್ರಿಯೊಬ್ಬರ ಮಗ. ಮುಂದೆ 1938ರಲ್ಲಿ ಅವರೇ ಐರ್ಲೆಂಡಿನ ಪ್ರಥಮ ರಾಷ್ಟ್ರಪತಿಯಾದರು. ಗ್ರಂಥವು ಮಾತುಗಳನ್ನು ಕಾಪಾಡೀತು. ಆದರೆ ಒಬ್ಬರು ನುಡಿದುದಕ್ಕೆ ಮತ್ತೊಬ್ಬರು ದನಿಗೂಡಿಸಿದಾಗಲೇ ಅದು ಪ್ರಾರ್ಥನೆಯಾಗುತ್ತದೆ. ಆ ದನಿಗೂಡಿಸುವ ಕಂಠಗಳು ಸ್ಪಿಡಲ್ಲಿನ ಮನೆಗಳಲ್ಲಿ ಎಂದೆಂದಿಗೂ ಇರಲೆಂದು ಹಾರೈಸೋಣ.