ಅವ್ವನ ದಮ್ಮು, ಕಾರಿನ ದಮ್ಮು

ಅವ್ವ ತುಪ್ಪ ತುಂಬಿಡುತ್ತಿದ್ದ ಸ್ಟೀಲ್ ಡಬ್ಬಿಯನ್ನು ನಾನು ಕೇಳದೆಯೇ ಎತ್ತಿಕೊಂಡು ಹೋಗಿದ್ದೆ. ಅದರ ಮುಚ್ಚಳಕ್ಕೆ ಎರಡು ತೂತು ಕೊರೆಸಿ, ಹಿತ್ತಾಳೆಯ ಎರಡು ನಿಪ್ಪಲ್ ಕೂರಿಸಿ ಬೆಸುಗೆ ಹಾಕಿಸಿಕೊಂಡೆ. ಒಳಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರು ತುರುಕಿದೆ. ಕಾರಿನ ಬಾನೆಟ್ಟಿನೊಳಗೆ ಅದನ್ನು ಪಟ್ಟಿ ಹಾಕಿ ಬಿಗಿದಾಗ ದೊಡ್ಡ ಸಾಧನೆ ಮಾಡಿದವನಂತೆ ಅಂಗಳದಲ್ಲಿ ನಿಂತು ನೋಡಿದ್ದೆ. ಎದುರಿಗೆ ಬೆಟ್ಟ, ಬೆಟ್ಟದ ಮೇಲೆ ಕೋಟೆ. ನಮ್ಮ ಚನ್ನರಾಯನದುರ್ಗವನ್ನು ಬಸ್ಸಿನವರೂ ಊರಿನವರೂ ಕರೆಯುವುದು ಸಿ.ಎನ್. ದುರ್ಗ ಎಂದೇ. ಮೈಸೂರಿನವರೂ ಮರಾಠರೂ ಕಾದಾಡಿದ ಕೋಟೆ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಊರಿನಲ್ಲಿ ಹೊರಗಿನವರಿಗೆ ತೋರಿಸುವಂಥದ್ದು ಅದೊಂದೇ. ಅವತ್ತು ನನ್ನ ಡಬ್ಬಿಯೂ ಸೇರಿಕೊಂಡಿತು.

ಡಬ್ಬಿ ಯಾಕೆ ಎಂದು ಹೇಳಬೇಕು. ಇಂಜಿನ್ನಿನ ಸಿಲಿಂಡರಿನಲ್ಲಿ ಡೀಸೆಲ್ ಉರಿದಾಗ ಆ ಒತ್ತಡವೆಲ್ಲ ಪಿಸ್ಟನ್ನನ್ನು ಕೆಳಕ್ಕೆ ದೂಡುವುದಕ್ಕೇ ಖರ್ಚಾಗುವುದಿಲ್ಲ. ಸ್ವಲ್ಪ ಗ್ಯಾಸು ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಗೆ, ಆಯಿಲ್ ಇರುವ ಕ್ರ್ಯಾಂಕ್‌ಕೇಸಿಗೆ ನುಸುಳುತ್ತದೆ. ಹೊಸ ಇಂಜಿನ್ನಿನಲ್ಲೂ ಇದು ತಪ್ಪದು. ಸವೆದ ಇಂಜಿನ್ನಿನಲ್ಲಿ ಹೆಚ್ಚು. ನಮ್ಮ ಕಡೆಯ ಮೆಕ್ಯಾನಿಕ್ಕುಗಳು ಇದಕ್ಕೆ 'ಬ್ಯಾಕ್ ಕಂಪ್ರೆಷನ್' ಅನ್ನುತ್ತಾರೆ. ಆ ಗ್ಯಾಸಿಗೆ ಹೊರದಾರಿ ಇಲ್ಲದಿದ್ದರೆ ಅದು ಆಯಿಲ್ ಸೀಲುಗಳನ್ನು ಒದ್ದುಕೊಂಡು ಹೋಗುತ್ತದೆ. ಹಾಗಾಗಿ ಒಂದು ಬ್ರೀದರ್ ಪೈಪು. ಈಗಿನ ಕಾರುಗಳಲ್ಲಿ ಆ ಪೈಪು ಗಾಳಿ ಎಳೆದುಕೊಳ್ಳುವ ಕೊಳವೆಗೇ ಸೇರಿ, ಇಂಜಿನ್ನು ತಾನು ಬಿಟ್ಟ ಉಸಿರನ್ನು ತಾನೇ ಎಳೆದುಕೊಂಡು ಸುಡುತ್ತದೆ. ತೊಂದರೆಯೆಂದರೆ ಆ ಉಸಿರಿನ ಜೊತೆ ಆಯಿಲ್ಲಿನ ಮಂಜೂ ಹೋಗುತ್ತದೆ. ಅದಕ್ಕೆ ಇ.ಜಿ.ಆರ್.ನಿಂದ ಬರುವ ಮಸಿ ಸೇರಿದರೆ ಒಳಗೆಲ್ಲ ಡಾಂಬರಿನಂಥ ಕರಿ ಅಂಟು. ನಡುವೆ ಒಂದು ಡಬ್ಬಿ ಇಟ್ಟರೆ ಮಂಜು ಅಲ್ಲೇ ಹನಿಯಾಗಿ ಬೀಳುತ್ತದೆ, ಗ್ಯಾಸು ಮಾತ್ರ ಮುಂದಕ್ಕೆ ಹೋಗುತ್ತದೆ. ಇದೇ ಆಯಿಲ್ ಕ್ಯಾಚ್ ಕ್ಯಾನ್.

ನಾನು ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದೆ. ಓದಿದ್ದು ಡಿಪ್ಲೊಮಾ. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಹಳೆಯ ಡೀಸೆಲ್ ಕಾರಿನಲ್ಲಿ ಶನಿವಾರ ಸಂಜೆ ಊರಿಗೆ ಬಂದರೆ ಭಾನುವಾರ ಪೂರ್ತಿ ಅದರ ಹೊಟ್ಟೆ ಬಗೆಯುವುದೇ ಕೆಲಸ. ಅವ್ವನ ಜೊತೆ ಕೂತು ಮಾತಾಡಿದ್ದಕ್ಕಿಂತ ಬಾನೆಟ್ಟಿನೊಳಗೆ ತಲೆ ತೂರಿಸಿ ನಿಂತದ್ದೇ ಹೆಚ್ಚು. ಅವಳಿಗೆ ದಮ್ಮು. ಮಾಘದ ಚಳಿಯಲ್ಲಿ, ಕಡಲೆಕಾಯಿ ಹೊಟ್ಟಿನ ಧೂಳಿನಲ್ಲಿ ಹೆಚ್ಚಾಗುತ್ತಿತ್ತು. ತಿಂಗಳಿಗೊಮ್ಮೆ ತುಮಕೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ. ಕಾರು ಕೊಂಡದ್ದೇ ಅದಕ್ಕೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಅದು ಪೂರ್ತಿ ನಿಜವಲ್ಲ.

ಡಬ್ಬಿ ಕಟ್ಟುವಾಗ ಮಾಡಿದ ತಪ್ಪು ಚಿಕ್ಕದಾಗಿ ಕಂಡಿತ್ತು. ಡಬ್ಬಿಯಿಂದ ಹೊರಡುವ ಪೈಪನ್ನು ವಾಪಸು ಇಂಜಿನ್ನಿಗೆ ಕೊಡಲಿಲ್ಲ. ಹಾಗೆ ಕೊಡದಿದ್ದರೆ ಇಂಜಿನ್ನಿಗೆ ಶುದ್ಧ ಗಾಳಿಯೇ ಹೋಗುತ್ತದೆ, ಒಳಗೆ ಅಂಟು ಕಟ್ಟುವುದೇ ಇಲ್ಲ ಎಂಬುದು ನನ್ನ ಲೆಕ್ಕ. ಗಾಳಿ ಕೊಳವೆಯ ಬಾಯಿಗೆ ಬಿರಡೆ ಹಾಕಿ, ಡಬ್ಬಿಯ ಹೊರದಾರಿಯನ್ನು ಬಾನೆಟ್ಟಿನೊಳಗೇ ಬಿಟ್ಟುಬಿಟ್ಟೆ.

ಮುಂದಿನ ತಿಂಗಳು ಅವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆ. ಚಳಿಗೆ ಗಾಜು ಏರಿಸಿದ್ದೆ, ಬ್ಲೋಯರ್ ಹಾಕಿದ್ದೆ. ಕೊರಟಗೆರೆ ಇನ್ನೂ ಬಂದಿರಲಿಲ್ಲ, ಅವ್ವ ಸೆರಗು ಮೂಗಿಗೆ ಹಿಡಿದುಕೊಂಡಳು. "ಏನೋ ಸುಟ್ಟ ವಾಸ್ನೆ ಕಣಪ್ಪ" ಅಂದಳು. ನನಗೆ ಅದು ಬರುತ್ತಲೇ ಇರಲಿಲ್ಲ. ದಿನವೂ ಅದರಲ್ಲೇ ಓಡಾಡಿ ಮೂಗು ಸತ್ತಿತ್ತು. "ಎಂಥದ್ದೂ ಇಲ್ಲ ಸುಮ್ನಿರವ್ವ" ಅಂದೆ. ಈ ಮಾತನ್ನು ಈಗಲೂ ಆಗಾಗ ನೆನೆದು ನಾಚುತ್ತೇನೆ. ಊರು ದಾಟುವಷ್ಟರಲ್ಲಿ ಅವಳಿಗೆ ಮಾತು ಬರುತ್ತಿರಲಿಲ್ಲ. ಕುತ್ತಿಗೆಯ ಗುಂಡಿ ಒಳಕ್ಕೆ ಸೇದಿ ಸೇದಿ ಉಸಿರೆಳೆಯುತ್ತಿದ್ದಳು. ಇನ್‌ಹೇಲರ್ ಎರಡು ಸಲ ಒತ್ತಿದರೂ ತಗ್ಗಲಿಲ್ಲ. ಗಾಜು ಇಳಿಸಿ, ಬ್ಲೋಯರ್ ಆರಿಸಿ, ತುಮಕೂರಿನವರೆಗೆ ಹೇಗೆ ಓಡಿಸಿದೆನೋ. ನೆಬ್ಯುಲೈಸರ್ ಹಾಕಿ ಮಧ್ಯಾಹ್ನದವರೆಗೆ ಮಲಗಿಸಿಕೊಂಡರು. ಕಾರಣ ಕೇಳಿದಾಗ ಡಾಕ್ಟರಿಗೆ ನಾನು 'ಚಳಿ' ಅಂದೆ.

ವಾಪಸು ಬರುವಾಗ ಕೊರಟಗೆರೆಯಲ್ಲಿ ಸೋದರಮಾವನ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಮಾವ ಮೊದಲು ಅವ್ವನ ಮುಖ ನೋಡಿದ, ಆಮೇಲೆ ಬಾನೆಟ್ ಎತ್ತಿಸಿದ. ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ತಲೆಕೆಳಗು ಮಾಡಿ ಆ ತೂತಿನ ಮೇಲೇ ಇಟ್ಟ. ಅದು ಸಣ್ಣಗೆ ನಡುಗಿತು, ಹಾರಿ ಬೀಳಲಿಲ್ಲ. "ರಿಂಗು ಇನ್ನೂ ಹೋಗಿಲ್ಲ" ಅಂದ. ಆಮೇಲೆ ನನ್ನ ಡಬ್ಬಿಯ ಬಾಯಿಗೆ ಅಂಗೈ ಹಿಡಿದು ಮೂಸಿದ.

"ಇದರ ಬಾಯಿ ಎಲ್ಲಿಗೆ ಬಿಟ್ಟಿದೀಯ ಅಳಿಯ?"

ಹೇಳಿದೆ.

"ಕಾರಿನೊಳಕ್ಕೆ ಗಾಳಿ ಎಲ್ಲಿಂದ ಬತ್ತದೆ?"

ಮುಂದಿನ ಗಾಜಿನ ಬುಡದ ಜಾಲರಿಯನ್ನು ಮಾವನೇ ಬೆರಳಲ್ಲಿ ತೋರಿಸಿದ. ಡಬ್ಬಿಗೂ ಅದಕ್ಕೂ ಒಂದು ಗೇಣು. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ತುರುಕಿದ್ದ ನಾರನ್ನು ಎಳೆದು ತೋರಿಸಿ, "ಇದರ ಚೂರು ಕಿತ್ಕೊಂಡು ಟರ್ಬೋಗೆ ಹೋದ್ರೆ ಅದೂ ಕೈಬಿಡ್ತದೆ" ಅಂದು ಮೂಲೆಗೆ ಎಸೆದ.

ಆಮೇಲೆ ಓದಿ ತಿಳಿದದ್ದು: ನಾನು ಹೊಸದಾಗಿ ಕಂಡುಹಿಡಿದೆ ಅಂದುಕೊಂಡದ್ದು ಜಗತ್ತು ಬಿಟ್ಟುಬಿಟ್ಟ ಹಳೆಯ ಪದ್ಧತಿ. ಒಂದು ಕಾಲಕ್ಕೆ ಎಲ್ಲ ಕಾರುಗಳೂ ಈ ಗ್ಯಾಸನ್ನು ಒಂದು ಕೊಳವೆಯಲ್ಲಿ ರಸ್ತೆಗೇ ಬಿಡುತ್ತಿದ್ದವು. ಲಾಸ್ ಏಂಜಲೀಸಿನ ಜನ ಕಣ್ಣುರಿ, ಕೆಮ್ಮಿನಿಂದ ಒದ್ದಾಡುತ್ತಿದ್ದಾಗ ಅಲ್ಲಿನ ಹೊಗೆಮಂಜು ಹೇಗೆ ಹುಟ್ಟುತ್ತದೆ ಎಂದು ತೋರಿಸಿಕೊಟ್ಟವನು ಹಾಗೆನ್-ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞ. ಅದಕ್ಕೆ ಮೊದಲು ಅನಾನಸ್ ಹಣ್ಣಿನ ಪರಿಮಳದ ಬಗ್ಗೆ ಸಂಶೋಧನೆ ಮಾಡಿಕೊಂಡಿದ್ದವನು. ವಾಹನಗಳ ಹೊಗೆ ಬಿಸಿಲಿಗೆ ಸಿಕ್ಕಿ ವಿಷವಾಗುತ್ತದೆ ಎಂದು 1950ರ ದಶಕದಲ್ಲಿ ಅವನು ಹೇಳಿದ. ಕ್ಯಾಲಿಫೋರ್ನಿಯಾದಲ್ಲಿ 1961ರ ಮಾದರಿಯ ಕಾರುಗಳಿಂದ ಆ ಗ್ಯಾಸನ್ನು ಇಂಜಿನ್ನಿಗೇ ವಾಪಸು ಕೊಡುವ ವ್ಯವಸ್ಥೆ ಬಂತು. ನಾನು ಒಂದು ಭಾನುವಾರದಲ್ಲಿ ಅದನ್ನು ಬಿಚ್ಚಿ ಹಾಕಿದ್ದೆ.

ಎರಡನೆಯ ಡಬ್ಬಿಯನ್ನು ಪೀಣ್ಯದಲ್ಲಿ ಮಾಡಿದೆ. ಮೂರು ಇಂಚಿನ ಸ್ಟೇನ್‌ಲೆಸ್ ಪೈಪಿನ ತುಂಡು, ಎರಡು ಕಡೆಗೂ ತಟ್ಟೆ, ತಳದಲ್ಲಿ ಬಿಚ್ಚುವ ಬೋಲ್ಟು. ಒಳಗೆ ಬರುವ ಪೈಪು ಅರ್ಧದವರೆಗೆ ಇಳಿಯಬೇಕು, ಹೊರಗೆ ಹೋಗುವುದು ಮೇಲೇ ಇರಬೇಕು, ನಡುವೆ ತೂತಿನ ತಗಡು, ಅದಕ್ಕೆ ಬಿಗಿದು ಕಟ್ಟಿದ ಸ್ಟೇನ್‌ಲೆಸ್ ಜಾಲರಿ. ಜಾಲರಿ ಒತ್ತಾದರೆ ಗ್ಯಾಸಿಗೆ ದಾರಿ ಸಾಲದು, ಸಡಿಲವಾದರೆ ಆಯಿಲ್ ನಿಲ್ಲದು. ಎರಡು ಸಲ ಬಿಚ್ಚಿ ಕಟ್ಟಿದೆ. ಆಯಿಲ್ ತಡೆಯುವ ಹೋಸ್ ಪೈಪೇ ಬೇಕು, ನೀರಿನ ಪೈಪು ವಾರದಲ್ಲಿ ಮೆತ್ತಗಾಗುತ್ತದೆ. ಹೋಸು ಎಲ್ಲೂ ಜೋತು ಬೀಳಬಾರದು, ಬಿದ್ದರೆ ಆ ಬಗ್ಗಿನಲ್ಲಿ ನೀರು ನಿಲ್ಲುತ್ತದೆ. ಡಬ್ಬಿಯನ್ನು ಬಿಸಿಯಿಂದ ದೂರ, ಹೆಡ್‌ಲೈಟಿನ ಹಿಂದೆ ಕೂರಿಸಿದೆ. ಹೊರದಾರಿ ಈ ಸಲ ನೇರ ಟರ್ಬೋದ ಮುಂಚಿನ ಗಾಳಿ ಕೊಳವೆಗೆ. ಪ್ರತಿ ಕ್ಲಿಪ್ಪಿನ ಹತ್ತಿರ ಮೂಗಿಟ್ಟು ಮೂಸಿದೆ. ನನ್ನ ಮೂಗಿನ ಮೇಲೆ ನಂಬಿಕೆಯಿಲ್ಲದೆ ಮಾವನನ್ನೂ ಕರೆದು ಮೂಸಿಸಿದೆ.

ಡಬ್ಬಿಯಿಂದ ಇಂಜಿನ್ನಿಗೆ ಎಷ್ಟು ಲಾಭವಾಯಿತೋ ಅಳೆದು ಹೇಳಲಾರೆ. ಬೇಸಿಗೆಯಲ್ಲಿ ತಳದ ಬೋಲ್ಟು ಬಿಚ್ಚಿದರೆ ಕಪ್ಪನೆಯ ಆಯಿಲ್ ಸಣ್ಣ ಲೋಟದಷ್ಟು ಬರುತ್ತದೆ. ಚಳಿಗಾಲದಲ್ಲಿ ಆವಿಯೂ ಸೇರಿ ಹಾಲು ಹಾಕಿದ ಕಾಫಿಯ ಬಣ್ಣದ ಗಸಿ. ಅದನ್ನು ಮಣ್ಣಿಗೆ ಚೆಲ್ಲದೆ ಕ್ಯಾನಿನಲ್ಲಿ ತುಂಬಿ ಮಾವನ ಹಳೆ ಆಯಿಲ್ ಪೀಪಾಯಿಗೆ ಹಾಕುತ್ತೇನೆ.

ಅವ್ವನಿಗೆ ನಿಜ ಹೇಳಲು ಮೂರು ವಾರ ಬೇಕಾಯಿತು. ಹಿತ್ತಲಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದಳು. ಎಲ್ಲ ಕೇಳಿಸಿಕೊಂಡು, "ಗೊತ್ತಿತ್ತು ಬಿಡು. ನಿಮ್ಮಪ್ಪ ಆಯಿಲ್ ಇಂಜಿನ್ ಓಡಿಸ್ವಾಗ ಪಂಪ್‌ಶೆಡ್ಡಲ್ಲಿ ಇದೇ ವಾಸ್ನೆ ಬರ್ತಿತ್ತು" ಅಂದಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: "ನನ್ನ ತುಪ್ಪದ ಡಬ್ಬಿ ಎಲ್ಲೋ?"

ಈಗಲೂ ತುಮಕೂರಿಗೆ ಹೊರಡುವಾಗ ಅವಳು ಬಾಗಿಲು ತೆಗೆದು ಒಂದು ಗಳಿಗೆ ಹಾಗೇ ನಿಲ್ಲುತ್ತಾಳೆ, ಮೂಸಿ ನೋಡುತ್ತಾಳೆ, ಆಮೇಲೆ ಮುಂದಿನ ಸೀಟಿಗೆ ಹತ್ತುತ್ತಾಳೆ. ಎಷ್ಟೇ ಚಳಿಯಿರಲಿ, ತನ್ನ ಪಕ್ಕದ ಗಾಜನ್ನು ನಾಲ್ಕು ಬೆರಳಿನಷ್ಟು ಇಳಿಸಿಯೇ ಕೂರುತ್ತಾಳೆ. ನಾನು ಏರಿಸು ಅನ್ನುವುದಿಲ್ಲ.